ಮಕ್ವಾರಿ ದ್ವೀಪದ ಪ್ರಾಣಿಜೀವನ: ಅನ್ವೇಷಣೆಯ ಇತಿಹಾಸ

ಮಕ್ವಾರಿ ದಕ್ಷಿಣ ಸಾಗರದ ಒಂದು ದ್ವೀಪ. ಟಾಸ್ಮೇನಿಯಾದಿಂದ ಆಗ್ನೇಯಕ್ಕೆ ಸುಮಾರು 1,500 ಕಿ.ಮೀ. ದೂರದಲ್ಲಿದೆ. ಉದ್ದ 34 ಕಿ.ಮೀ., ಅಗಲ ಹೆಚ್ಚೆಂದರೆ ಐದೂವರೆ. ಮರವೆಂಬುದಿಲ್ಲ. ರಾಯಲ್ ಪೆಂಗ್ವಿನ್ ಮರಿ ಮಾಡುವುದು ಇಲ್ಲಿ ಮತ್ತು ಸಮೀಪದ ಪುಟ್ಟ ನಡುಗಡ್ಡೆಗಳಲ್ಲಿ ಮಾತ್ರ.

1810ರ ಜುಲೈನಲ್ಲಿ ದ್ವೀಪವನ್ನು ಕಂಡವನು ಸಿಡ್ನಿಯಿಂದ ಸೀಲ್ ಬೇಟೆಗೆ ಹೊರಟಿದ್ದ ಫ್ರೆಡರಿಕ್ ಹ್ಯಾಸಲ್‌ಬರೋ. ಹತ್ತೇ ವರ್ಷಗಳಲ್ಲಿ ಅಲ್ಲಿನ ತುಪ್ಪಳದ ಸೀಲ್‌ಗಳು ಹೆಚ್ಚುಕಡಿಮೆ ಮುಗಿದುಹೋದವು. ಬೇಟೆಗಾರರು ತೊಗಲು ಎಣಿಸಿದರೇ ಹೊರತು ಪ್ರಾಣಿಯ ವಿವರ ಬರೆದಿಡಲಿಲ್ಲ. ಅವು ಯಾವ ಜಾತಿಯವೆಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಮುಂದೆ ಎಣ್ಣೆಗಾಗಿ ಆನೆ ಸೀಲ್‌ಗಳ ಸರದಿ, ಬಳಿಕ ಪೆಂಗ್ವಿನ್‌ಗಳದು. ನ್ಯೂಜಿಲೆಂಡಿನ ಜೋಸೆಫ್ ಹ್ಯಾಚ್‌ನ ಕೆಲಸಗಾರರು ಅವನ್ನು ಹಬೆಯ ಹಂಡೆಗಳಲ್ಲಿ ಬೇಯಿಸಿ ಎಣ್ಣೆ ತೆಗೆದರು.

1820ರಲ್ಲಿ ಬಂದ ರಷ್ಯದ ನಾವಿಕ ಬೆಲ್ಲಿಂಗ್ಸ್‌ಹೌಸನ್ ಇಲ್ಲಿ ಗಿಳಿಗಳನ್ನೂ ಕಾಡುಪಾಲಾದ ಬೆಕ್ಕುಗಳನ್ನೂ ಕಂಡಿದ್ದ. ವಿಚಿತ್ರವೆಂದರೆ ಆ ಗಿಳಿಗಳು ಬೆಕ್ಕಿನೊಂದಿಗೆ ಆರು ದಶಕ ಬದುಕಿದವು. 1870ರ ದಶಕದ ಕೊನೆಗೆ ಊಟಕ್ಕೆಂದು ಮೊಲಗಳನ್ನು ತಂದು ಬಿಟ್ಟ ಮೇಲೆ ಬೆಕ್ಕುಗಳಿಗೆ ಚಳಿಗಾಲದಲ್ಲೂ ಆಹಾರ ಸಿಕ್ಕಿ ಅವುಗಳ ಸಂಖ್ಯೆ ಏರಿತು; ಶತಮಾನ ಮುಗಿಯುವ ಮೊದಲೇ ಗಿಳಿ ಅಳಿಯಿತು.

ವ್ಯವಸ್ಥಿತ ಅಧ್ಯಯನ ಶುರುವಾದದ್ದು ಆಸ್ಟ್ರೇಲಿಯದ ಅನ್ವೇಷಕ ಮಾಸನ್‌ನ ಅಂಟಾರ್ಕ್ಟಿಕ ಯಾತ್ರೆಯ (1911–14) ಜೀವವಿಜ್ಞಾನಿ ಹೆರಾಲ್ಡ್ ಹ್ಯಾಮಿಲ್ಟನ್‌ನಿಂದ. ಹ್ಯಾಚ್‌ನ ಪರವಾನಗಿ ನಿಲ್ಲಬೇಕೆಂದು ಮಾಸನ್ ಪಟ್ಟುಹಿಡಿದ. ಅದು ನಿಂತಿತು, 1933ರಲ್ಲಿ ದ್ವೀಪ ಅಭಯಾರಣ್ಯವಾಯಿತು. 1948ರಿಂದ ಆಸ್ಟ್ರೇಲಿಯದ ಸಂಶೋಧನಾ ಠಾಣೆ ಇಲ್ಲಿದೆ. ತುಪ್ಪಳದ ಸೀಲ್‌ಗಳು 1950ರ ದಶಕದಲ್ಲಿ ಮತ್ತೆ ಮರಿಹಾಕತೊಡಗಿದವು. ಈಗ ಮೂರು ಜಾತಿಗಳಿದ್ದು, ಬೆರಕೆ ಮರಿಗಳೂ ಹುಟ್ಟುತ್ತವೆ. 1997ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಮಾತ್ರ ಪ್ರಾಣಿಗಳಿಗಿಂತ ಮುಖ್ಯವಾಗಿ, ಸಾಗರತಳದಿಂದ ಮೇಲೆದ್ದ ಬಂಡೆಗಳಿಗಾಗಿ!

ಮೊಲಗಳನ್ನು ತಗ್ಗಿಸಲು 1978ರಲ್ಲಿ ಮಿಕ್ಸೋಮಾ ವೈರಸ್ ಹರಡಲಾಯಿತು. 2000ರ ಹೊತ್ತಿಗೆ ಬೆಕ್ಕುಗಳನ್ನು ಪೂರ್ತಿ ತೆಗೆದ ಮೇಲೆ ಮೊಲಗಳು ಲಕ್ಷ ದಾಟಿ ಇಳಿಜಾರುಗಳನ್ನು ಬೋಳಾಗಿಸಿದವು. ಬೆಕ್ಕಿಲ್ಲದ್ದೇ ಕಾರಣವೆಂದು ಕೆಲವು ವಿಜ್ಞಾನಿಗಳು, ವೈರಸ್ ಶಕ್ತಿಗುಂದಿದ್ದೇ ಕಾರಣವೆಂದು ಮತ್ತೆ ಕೆಲವರು ವಾದಿಸಿದರು. ಎರಡೂ ಕೂಡಿಬಂದವೆನ್ನುವುದು ಸರಿಯಿರಬಹುದು. ಹೆಲಿಕಾಪ್ಟರ್‌ನಿಂದ ವಿಷದ ತಿನಿಸು ಚೆಲ್ಲಿ, ಉಳಿದ ಮೊಲಗಳನ್ನು ನಾಯಿಗಳಿಂದ ಹುಡುಕಿಸಿ, 2014ರಲ್ಲಿ ದ್ವೀಪದಲ್ಲಿ ಮೊಲ, ಇಲಿ, ಸುಂಡಿಲಿ ಇಲ್ಲವೆಂದು ಘೋಷಿಸಿದರು. ವಿಷವುಂಡ ಕಳೇಬರಗಳನ್ನು ತಿಂದು ದೈತ್ಯ ಪೆಟ್ರೆಲ್, ಸ್ಕುವಾ ಹಕ್ಕಿಗಳೂ ಸತ್ತವು. ಬಿಲದಲ್ಲಿ ಗೂಡು ಮಾಡುವ ಬೂದು ಪೆಟ್ರೆಲ್‌ಗಳು ಬೆಕ್ಕುಗಳು ಹೋದಾಗಿನಿಂದಲೇ ಇಲ್ಲಿ ಮತ್ತೆ ಮರಿ ಮಾಡುತ್ತಿವೆ.