ಕಡಲ ತಳದ ದೋಷ, ದಡದ ಮೇಲಿನ ಲೆಕ್ಕ

1858ರ ಆಗಸ್ಟ್ 5ರಂದು ಐರ್ಲೆಂಡಿನ ವ್ಯಾಲೆನ್ಷಿಯಾದಿಂದ ನ್ಯೂಫೌಂಡ್‌ಲ್ಯಾಂಡಿನವರೆಗೆ ಅಟ್ಲಾಂಟಿಕ್‌ನ ತಳದಲ್ಲಿ ಹಾಸಿದ ಟೆಲಿಗ್ರಾಫ್ ಕೇಬಲ್ ದಡ ಮುಟ್ಟಿತು. ವಿಕ್ಟೋರಿಯಾ ರಾಣಿ ಅಮೆರಿಕದ ಅಧ್ಯಕ್ಷ ಬ್ಯೂಕ್ಯಾನನ್‌ಗೆ ಕಳಿಸಿದ 98 ಪದಗಳ ಸಂದೇಶ ಆಚೆ ದಡ ಸೇರಲು ಸುಮಾರು 16 ಗಂಟೆ ಹಿಡಿಯಿತು. ತಿಂಗಳು ತುಂಬುವಷ್ಟರಲ್ಲಿ ಕೇಬಲ್ ಕೈಕೊಟ್ಟಿತು. ಕೇಬಲ್ ಕಂಪನಿಯ ಎಲೆಕ್ಟ್ರಿಷಿಯನ್ ವೈಲ್ಡ್‌ಮನ್ ವೈಟ್‌ಹೌಸ್ ದೊಡ್ಡ ಇಂಡಕ್ಷನ್ ಕಾಯಿಲ್‌ಗಳಿಂದ ಅದಕ್ಕೆ ಸುಮಾರು 2000 ವೋಲ್ಟ್ ಕೊಟ್ಟಿದ್ದರು. ಕೇಬಲನ್ನು ಕೊಂದವರು ಅವರೇ ಎಂಬ ಮಾತು ಅಂದಿನಿಂದ ಬಂದಿದೆ. ಅವರ ಪಾಲು ಇದ್ದದ್ದು ನಿಜ. ಆದರೆ ಕೇಬಲ್ ಅದಕ್ಕೂ ಮೊದಲೇ ಸೊರಗಿತ್ತು: ತಂತಿಯ ಸುತ್ತಲಿನ ನಿರೋಧಕ ಹೊದಿಕೆಯಾದ ಗಟ್ಟಾಪರ್ಚಾ ಬಿಸಿಲಿಗೆ ಬಿದ್ದು ಮೆದುವಾಗಿ, ಒಳಗಿನ ತಾಮ್ರ ಅಲ್ಲಲ್ಲಿ ನಡುವಿನಿಂದ ಸರಿದು ಹೊರಮೈಗೆ ಹತ್ತಿರವಾಗಿತ್ತು. ಯಾರು ಕೊಂದರು ಎನ್ನುವುದಕ್ಕಿಂತ, ಗಾಯ ಎಲ್ಲಿದೆ ಎಂದು ಯಾರಿಗೂ ನಿಖರವಾಗಿ ಹೇಳಲಾಗದೆ ಹೋದದ್ದು ಏಕೆ ಎಂಬ ಪ್ರಶ್ನೆ ನನಗೆ ಮುಖ್ಯ. ಕೆಟ್ಟ ಲಿಂಕಿನ ದೋಷ ಹುಡುಕುವ ಕಸುಬು, ಅದು ಚೆನ್ನಾಗಿದ್ದ ದಿನ ಬರೆದಿಟ್ಟ ಅಳತೆಯ ಮೇಲೆ ನಿಂತಿದೆ ಎಂಬುದು ನನ್ನ ವಾದ. 1858ರಲ್ಲಿ ಅಂಥ ನಂಬಲರ್ಹ ಅಳತೆಯೇ ಇರಲಿಲ್ಲ.

ಲೆಕ್ಕ ಮೇಲ್ನೋಟಕ್ಕೆ ಸರಳ. ಒಂದು ಮೈಲಿ ತಂತಿಯ ರೋಧ ಇಷ್ಟು ಎಂದು ಗೊತ್ತಿದ್ದರೆ, ದಡದಲ್ಲಿ ನಿಂತು ಅಳೆದ ಒಟ್ಟು ರೋಧವನ್ನು ಅದರಿಂದ ಭಾಗಿಸಬೇಕು. ದೋಷದವರೆಗಿನ ದೂರ ಸಿಗುತ್ತದೆ. ತೊಡಕು ವಿವರಗಳಲ್ಲಿದೆ. ಮಾರುಕಟ್ಟೆಯ ತಾಮ್ರದ ವಾಹಕತೆ ಒಂದು ಕಂತಿನಿಂದ ಇನ್ನೊಂದಕ್ಕೆ ಬಹಳ ಬದಲಾಗುತ್ತದೆ ಎಂದು ಭೌತವಿಜ್ಞಾನಿ ವಿಲಿಯಂ ಥಾಮ್ಸನ್ 1857ರಲ್ಲೇ ತೋರಿಸಿದ್ದರು. ಹಾಗಿರುವಾಗ ಮೈಲಿಗಿಷ್ಟು ಎಂಬ ಅಂಕಿಗೆ ಏನು ಬೆಲೆ? ಮೇಲಾಗಿ ದೋಷಕ್ಕೂ ತನ್ನದೇ ರೋಧವಿದೆ, ಅದು ಸ್ಥಿರವೂ ಅಲ್ಲ. ಉಪ್ಪುನೀರಿಗೆ ತೆರೆದುಕೊಂಡ ತಾಮ್ರಕ್ಕೆ ಧನ ವಿದ್ಯುತ್ ಕೊಟ್ಟರೆ ಅದರ ಮೇಲೆ ತಾಮ್ರದ ಕ್ಲೋರೈಡ್ ಪೊರೆಗಟ್ಟಿ ಗಾಯ ಮುಚ್ಚಿಕೊಂಡಂತೆ ಕಾಣುತ್ತದೆ. ಋಣ ವಿದ್ಯುತ್ ಕೊಟ್ಟರೆ ಪೊರೆ ಕಳಚಿ ಮತ್ತೆ ತೆರೆದುಕೊಳ್ಳುತ್ತದೆ. ಮಾಪಕದ ಮುಳ್ಳು ಅತ್ತಿತ್ತ ಅಲೆಯುತ್ತಿರುವಾಗ ಯಾವ ಕ್ಷಣದ ಓದನ್ನು ನಂಬಬೇಕೆಂದು ತಿಳಿಯುವುದೇ ಪಳಗಿದ ಪರೀಕ್ಷಕನ ಗುರುತಾಗಿತ್ತು. ಎರಡೂ ದಡಗಳಿಂದ ಅಳೆದು ತಾಳೆ ನೋಡುವ ಪದ್ಧತಿ ಬಂದದ್ದು ಈ ತೊಡಕಿನಿಂದಲೇ.

ಭಾರತಕ್ಕೂ ಇದರ ಬಿಸಿ ತಟ್ಟಿತು. ಸೂಯೆಜ್‌ನಿಂದ ಏಡನ್ ಮೂಲಕ ಕರಾಚಿಗೆ 1859-60ರಲ್ಲಿ ಹಾಸಿದ ಕೆಂಪು ಸಮುದ್ರದ ಕೇಬಲ್ ಬೇಗನೆ ಕೆಟ್ಟಿತು. ಹೂಡಿಕೆದಾರರಿಗೆ ಬಡ್ಡಿಯ ಖಾತರಿ ಕೊಟ್ಟಿದ್ದ ಬ್ರಿಟಿಷ್ ಸರ್ಕಾರ ಸತ್ತ ತಂತಿಗೆ ವರ್ಷಗಟ್ಟಲೆ ಹಣ ತೆರಬೇಕಾಯಿತು. ಈ ಎರಡು ಸೋಲುಗಳ ಮೇಲೆ ತನಿಖಾ ಸಮಿತಿ ಕೂತು 1861ರಲ್ಲಿ ವರದಿ ಕೊಟ್ಟಿತು. ಅದೇ ವರ್ಷ ಥಾಮ್ಸನ್ ಒತ್ತಾಯದಿಂದ ಬ್ರಿಟಿಷ್ ಅಸೋಸಿಯೇಷನ್ ರೋಧದ ಮಾನಕ್ಕಾಗಿ ಸಮಿತಿ ರಚಿಸಿತು; 1865ರಲ್ಲಿ ಅದರ ಪ್ರಮಾಣ ಸುರುಳಿಗಳು ಹೊರಬಂದವು. ಇಂದು ಶಾಲೆಯಲ್ಲಿ ಓಮ್ ಎಂದು ಕಲಿಯುವ ಮಾನದ ಬೆಳವಣಿಗೆಗೆ ಪ್ರಯೋಗಾಲಯದ ಕುತೂಹಲದಷ್ಟೇ ಈ ಕೇಬಲ್‌ಗಳ ನಷ್ಟವೂ ಕಾರಣ.

ಅಟ್ಲಾಂಟಿಕ್ ಕೇಬಲ್ ಕೊನೆಗೂ ನಿಂತ 1866ರ ಗೆಲುವು ಅಳತೆಯದಲ್ಲ, ದಪ್ಪ ತಾಮ್ರದ್ದು ಎನ್ನುವವರಿದ್ದಾರೆ. ಒಳ್ಳೆಯ ಕೇಬಲ್ ನೆರವಾಯಿತು, ಅದನ್ನು ಅಲ್ಲಗಳೆಯಲಾಗದು. ಆದರೆ 1865ರ ಕೇಬಲ್ಲೂ ದಪ್ಪವೇ ಇತ್ತು, ಅದಕ್ಕೂ ದೋಷ ಬಂತು. ಅದನ್ನು ಹಾಸುತ್ತಿದ್ದ ಗ್ರೇಟ್ ಈಸ್ಟರ್ನ್ ಹಡಗಿನ ಪರೀಕ್ಷಾ ಕೋಣೆಯಲ್ಲಿ ಗ್ಯಾಲ್ವನೋಮೀಟರಿನ ಬೆಳಕಿನ ಚುಕ್ಕಿ ಜರುಗಿದ್ದನ್ನು ಕಂಡೇ ಹಡಗು ನಿಲ್ಲಿಸಿದರು, ಇಳಿಬಿಟ್ಟ ಕೇಬಲನ್ನು ಮತ್ತೆ ಮೇಲೆಳೆದರು. ಗಟ್ಟಾಪರ್ಚಾದೊಳಗೆ ಗಿಡ್ಡನೆಯ ತಂತಿಯ ಚೂರೊಂದು ನಾಟಿಕೊಂಡಿತ್ತು. ಕಣ್ಣಿಗೆ ಬೀಳದ ಆ ಚೂರನ್ನು ಹಿಡಿದುಕೊಟ್ಟದ್ದು ತಾಮ್ರದ ದಪ್ಪವಲ್ಲ. ಆಗಸ್ಟ್ 2ರಂದು ಆ ಕೇಬಲ್ ತುಂಡಾಗಿ ಎರಡು ಮೈಲಿಗೂ ಹೆಚ್ಚು ಆಳಕ್ಕೆ ಜಾರಿತು. ತುಂಡಾದ ಜಾಗದ ಅಕ್ಷಾಂಶ, ರೇಖಾಂಶ ಬರೆದಿಟ್ಟಿದ್ದರಿಂದ ಮರುವರ್ಷ ಸೆಪ್ಟೆಂಬರ್‌ನಲ್ಲಿ ಕೊಕ್ಕೆ ಹಾಕಿ ಅದನ್ನೂ ಎತ್ತಿ, ಉಳಿದ ದೂರಕ್ಕೆ ಬೆಸೆದರು.

ನನ್ನ ವಾದ ಇಂದಿನ ಲಿಂಕುಗಳಿಗೂ ಸಲ್ಲುತ್ತದೆ. ಡೇಟಾ ಸೆಂಟರಿನಲ್ಲಿ ಸ್ಟೋರೇಜ್‌ಗೆ ಎರಡು ದಾರಿ ಇಟ್ಟಿರುತ್ತಾರೆ, ಒಂದು ಲಿಂಕ್ ಬಿದ್ದರೆ ಇನ್ನೊಂದಿದೆ, ಹಳೆಯ ಕಸುಬು ಏಕೆ ಬೇಕು ಎಂಬ ಆಕ್ಷೇಪ ದಪ್ಪ ತಾಮ್ರದ ಮಾತಿಗಿಂತ ಹೆಚ್ಚು ಗಟ್ಟಿಯಾದದ್ದು. ಎರಡನೇ ದಾರಿ ಸಮಯ ಕೊಡುತ್ತದೆ, ದೋಷವನ್ನು ತೋರಿಸುವುದಿಲ್ಲ. ಅದರ ಭರವಸೆಯಲ್ಲಿ ಮೊದಲನೆಯದರ ಎಚ್ಚರಿಕೆಯನ್ನು ಯಾರೂ ನೋಡದಿದ್ದರೆ, ಎರಡನೆಯದು ಬಿದ್ದ ದಿನ ಡಿಸ್ಕುಗಳೆಲ್ಲ ಒಟ್ಟಿಗೆ ಕಾಣೆಯಾಗುತ್ತವೆ. ಆಗ ಕೇಬಲ್, ಮಾಡ್ಯೂಲ್, ಪೋರ್ಟ್ ಎಲ್ಲವನ್ನೂ ಒಂದೇ ಸಲ ಬದಲಿಸಿದರೆ ಲಿಂಕ್ ಬರಬಹುದು, ಕಾರಣ ಮಾತ್ರ ಕೈತಪ್ಪುತ್ತದೆ. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಕಳಿಸಿದ ಮಿಡಿತದ ಮಾರ್ದನಿ ಒಂದು ಮೈಕ್ರೋಸೆಕೆಂಡಿಗೆ ಮರಳಿದರೆ ದೋಷ ಸುಮಾರು 100 ಮೀಟರ್ ದೂರದಲ್ಲಿದೆ. ಆದರೆ ಆ ಮಾರ್ದನಿ ಮುರಿದ ಜಾಗದ್ದೋ, ಮೊದಲಿಂದಲೂ ಇದ್ದ ಕನೆಕ್ಟರಿನದೋ ಎಂದು ಹೇಳಲು ಕೇಬಲ್ ಎಳೆದ ದಿನದ ನಕ್ಷೆ ಪಕ್ಕದಲ್ಲಿರಬೇಕು. ಪೋರ್ಟಿಗೆ ಬರುತ್ತಿರುವ ಬೆಳಕಿನ ಮಟ್ಟ ಕುಗ್ಗಿದೆಯೋ ಇಲ್ಲವೋ ತಿಳಿಯುವುದೂ ಹಿಂದಿನ ಓದು ದಾಖಲೆಯಲ್ಲಿದ್ದಾಗಲೇ.