ಬಡಿತಕ್ಕೆ ಸಿಕ್ಕ ಮದ್ದು

ಹಳೆಯ ಮೋಟಾರು ಏರು ಹತ್ತುವಾಗ ಎಂಜಿನಿನೊಳಗಿಂದ ಟಕಟಕನೆ ಬಡಿತ ಕೇಳಿಬಂದರೆ, ಅನುಭವಸ್ಥನಾದ ಮೆಕ್ಯಾನಿಕ್ಕಿಗೆ ಹುಟ್ಟುವ ಸಂದೇಹ ಒಂದೇ: ದೋಷ ಕಿಡಿಯದೋ, ಪೆಟ್ರೋಲಿನದೋ? ಕಿಡಿ ಹೊತ್ತಿಗೆ ಮುಂಚೆ ಹಾರಿದರೂ ಬಡಿತವೇ. ಗಾಳಿಯೊಡನೆ ಬೆರೆಯುವ ಪೆಟ್ರೋಲು ತೀರ ಕಡಮೆಯಾದರೂ ಬಡಿತವೇ. ಈ ಸಂದೇಹಕ್ಕೆ ಹಿಂದೊಮ್ಮೆ ದೊರೆತ ಪರಿಹಾರ ಭೂಮಂಡಲದ ಗಾಳಿಯನ್ನೇ ಕೆಡಿಸಿತೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು.

ಬ್ಯಾಟರಿಯಿಂದ ಕಿಡಿ ಹಾರಿಸುವ ಏರ್ಪಾಟನ್ನು ಬಳಕೆಗೆ ತಂದವನು ಅಮೆರಿಕದ ಡೇಟನ್ ನಗರದ ಚಾರ್ಲ್ಸ್ ಕೆಟರಿಂಗ್. 1912ರ ಕ್ಯಾಡಿಲ್ಯಾಕ್ ಕಾರಿನಲ್ಲಿ ಅವನ ವಿದ್ಯುತ್ ಸ್ಟಾರ್ಟರೂ ಬಂದಿತು. ಎಂಜಿನುಗಳಲ್ಲಿ ಬಡಿತ ಹೆಚ್ಚಿದಾಗ ದೂರು ಅವನ ಕಿಡಿಯ ಮೇಲೆಯೇ ಬಿತ್ತು. ಅಪವಾದ ಹೊತ್ತವನಿಗೆ ನಿಜವಾದ ತಪ್ಪಿತಸ್ಥನನ್ನು ಹುಡುಕುವ ಹಟ ಸಹಜವಷ್ಟೆ. ಅವನ ಬಳಿಗೆ 1916ರಲ್ಲಿ ಕೆಲಸಕ್ಕೆ ಸೇರಿದ ತರುಣ ಥಾಮಸ್ ಮಿಜ್ಲಿ ಸಿಲಿಂಡರಿನ ಒತ್ತಡವನ್ನು ಅಳೆದು ನೋಡಿದ. ಬಡಿತ ಹುಟ್ಟುವುದು ಕಿಡಿ ಹಾರಿದ ಅನಂತರ ಎಂದು ತಿಳಿಯಿತು. ಉರಿ ತನ್ನನ್ನು ಮುಟ್ಟುವ ಮೊದಲೇ ಉಳಿದ ಅನಿಲ ಒಮ್ಮೆಗೇ ಸಿಡಿಯುವುದರಿಂದ ಆಗುವ ಸದ್ದು ಅದು. ಕಿಡಿ ನಿರಪರಾಧಿ, ಕೊರತೆ ಇಂಧನದ್ದು.

ರೋಗ ತಿಳಿಯಿತು, ಮದ್ದೇನು? ಅಯೊಡಿನ್ ಬೆರೆಸಿದಾಗ ಬಡಿತ ತಗ್ಗಿತು, ಆದರೆ ಅದು ದುಬಾರಿ, ಲೋಹವನ್ನೂ ತಿನ್ನುವಂಥದು. ಮದ್ಯಸಾರದಿಂದಲೂ ಗುಣ ಕಂಡಿತು. ಆದರೆ ಅದು ಹೆಚ್ಚಾಗಿ ಬೇಕು. ಮೇಲಾಗಿ ಯಾರು ಬೇಕಾದರೂ ಬಟ್ಟಿಯಿಳಿಸಬಹುದಾದ ವಸ್ತುವಿನಲ್ಲಿ ಒಬ್ಬರಿಗೇ ಲಾಭವೆಲ್ಲಿಯದು? 1921ರ ಡಿಸೆಂಬರ್ 9ರಂದು ಟೆಟ್ರಾಈಥೈಲ್ ಸೀಸದ ಗುಣ ಗೊತ್ತಾಯಿತು. ಒಂದು ಗ್ಯಾಲನ್ನಿಗೆ ಸುಮಾರು 3 ಮಿಲಿಲೀಟರು ಸಾಕು, ಬಡಿತ ಮಾಯ! 1923ರಲ್ಲಿ ಅದು ‘ಈಥೈಲ್’ ಎಂಬ ಹೆಸರಿನಿಂದ ಮಾರಾಟಕ್ಕೆ ಬಂದಿತು. ಆ ಹೆಸರಿನಲ್ಲಿ ಸೀಸದ ಸುಳಿವೇ ಇರಲಿಲ್ಲ.

ಸೀಸ ವಿಷವೆಂಬುದು ಆಗಲೂ ಹೊಸ ಮಾತಲ್ಲ. 1924ರಲ್ಲಿ ನ್ಯೂಜೆರ್ಸಿಯ ಬೇವೇ ಕಾರ್ಖಾನೆಯ ಐವರು ಕೆಲಸಗಾರರು ಅದರ ವಿಷವೇರಿ ಬುದ್ಧಿಭ್ರಮೆಗೊಂಡು ಸತ್ತರು. ಮಿಜ್ಲಿ ಪತ್ರಕರ್ತರ ಎದುರು ಅದೇ ದ್ರವದಿಂದ ಕೈ ತೊಳೆದು ತೋರಿಸಿದ. ಅದರ ಹಿಂದಿನ ವರ್ಷ ಸೀಸದ ವಿಷದಿಂದ ಅವನೇ ನರಳಿದ್ದ.

ಭಾರತ ಸೀಸದ ಪೆಟ್ರೋಲನ್ನು ಕೈಬಿಟ್ಟದ್ದು 2000ದಲ್ಲಿ. ಮೋಟಾರು ಗಾಡಿಗಳಿಗೆ ಅದನ್ನು ಮಾರುವುದನ್ನು ಎಲ್ಲರಿಗಿಂತ ಕೊನೆಗೆ ನಿಲ್ಲಿಸಿದ ಅಲ್ಜೀರಿಯ, 2021ರಲ್ಲಿ. ಅಷ್ಟರಲ್ಲಿ ಹೊಗೆಯೊಡನೆ ಹೊರಬಿದ್ದ ಸೀಸ ಹಲವು ತಲೆಮಾರುಗಳ ಮಕ್ಕಳ ನೆತ್ತರನ್ನು ಸೇರಿ ಅವರ ಬುದ್ಧಿಯ ಬೆಳವಣಿಗೆಗೆ ಅಡ್ಡಿಯಾಗಿತ್ತು. ಅಂದು ಬದಿಗೊತ್ತಿದ ಮದ್ಯಸಾರವೇ ಇಂದು ನಮ್ಮ ಪೆಟ್ರೋಲಿನಲ್ಲಿ ಬೆರೆತು ಬರುತ್ತಿದೆ.

ನಾಡಿ ಹಿಡಿದು ರೋಗವನ್ನು ಸರಿಯಾಗಿ ಹೇಳಿದ ವೈದ್ಯನೂ ಕೊಡುವ ಮದ್ದಿನಲ್ಲಿ ಎಡವಬಹುದು. ಮದ್ದನ್ನು ಆರಿಸುವಾಗ ರೋಗಿಗಿಂತ ಅಂಗಡಿಯ ಲಾಭ ಮುಂದೆ ಬಂದರೆ ಆಗುವುದು ಹೀಗೆಯೇ.