ಸ್ವಿಂಡನ್ನಿನ ಮೆಥಡಿಸ್ಟ್ ಪ್ರಾರ್ಥನಾಮಂದಿರ: ಒಂದು ರೈಲ್ವೆ ಬಡಾವಣೆಯ ಚರಿತ್ರೆ

ಕಟ್ಟಡಗಳ ಚರಿತ್ರೆಯನ್ನು ಬರೆಯುವವರು ಕಟ್ಟಿಸಿದವರಿಂದ ಆರಂಭಿಸುವುದು ವಾಡಿಕೆ. ಶಾಸನಗಳನ್ನು ಓದುವ ನಮಗೆ ಈ ಕ್ರಮ ಸಹಜವೇ ಆಗಿದೆ: ಮಾಡಿಸಿದವರ ಹೆಸರು, ದತ್ತಿಯ ವಿವರ, ತೇದಿ. ಆದರೆ ಕಟ್ಟಿಸಿದವರ ಸಂಕಲ್ಪವನ್ನು ಬಳಸಿದವರೇ ತಿರುಗಿಸಿಬಿಟ್ಟ ನಿದರ್ಶನಗಳೂ ಉಂಟು. ಇಂಗ್ಲೆಂಡಿನ ಸ್ವಿಂಡನ್ನಿನಲ್ಲಿ ಫ್ಯಾರಿಂಗ್ಡನ್ ರಸ್ತೆಯ ಬದಿಗಿರುವ, ಕೋಟೆಯಂತೆ ತೋರುವ ಕಲ್ಲುಕಟ್ಟಡ ಅಂಥದೊಂದು.

ಸ್ವಿಂಡನ್ ಮೊದಲಿಗೆ ಗುಡ್ಡದ ಮೇಲಿನ ಚಿಕ್ಕ ಸಂತೆಪಟ್ಟಣ. ಲಂಡನ್ನಿನಿಂದ ಬ್ರಿಸ್ಟಲ್ಲಿಗೆ ಹಳಿ ಹಾಕುತ್ತಿದ್ದ ಗ್ರೇಟ್ ವೆಸ್ಟರ್ನ್ ರೈಲ್ವೆ ಕಂಪನಿಗೆ ಎಂಜಿನ್ ಕಾರ್ಖಾನೆಯೊಂದು ಬೇಕಾಯಿತು. ಡೇನಿಯಲ್ ಗೂಚ್ 1840ರಲ್ಲಿ ಈ ಸ್ಥಳವನ್ನು ಸೂಚಿಸಿದನು. 1843ರಲ್ಲಿ ಕಾರ್ಖಾನೆ ಕೆಲಸಕ್ಕೆ ತೊಡಗಿತು. ಗುಡ್ಡದ ಕೆಳಗೆ, ಹಳಿಗಳ ಪಕ್ಕದಲ್ಲಿ, ಕಾರ್ಮಿಕರಿಗಾಗಿ ಸುಮಾರು 300 ಮನೆಗಳ ಬಡಾವಣೆ ಎದ್ದಿತು. ಅದರ ಬೀದಿಗಳಿಗೆ ಬ್ರಿಸ್ಟಲ್, ಎಕ್ಸೆಟರ್, ಟಾಂಟನ್, ರೀಡಿಂಗ್ ಎಂದು ರೈಲು ಮುಟ್ಟುವ ಊರುಗಳ ಹೆಸರುಗಳನ್ನೇ ಇಡಲಾಯಿತು. ಇಂದು ಆ ಬೀದಿಗಳಲ್ಲಿ ನಡೆಯುವುದೆಂದರೆ ಹಳೆಯ ರೈಲು ವೇಳಾಪಟ್ಟಿಯೊಂದನ್ನು ಕಾಲಿನಿಂದ ಓದಿದಂತೆ.

ಮನೆ, ವೈದ್ಯನಿಧಿ, 1845ರ ಸೇಂಟ್ ಮಾರ್ಕ್ ಚರ್ಚು ಎಲ್ಲದರಲ್ಲಿಯೂ ಕಂಪನಿಯ ನೆರಳಿತ್ತು. ಅವಿವಾಹಿತ ಕೆಲಸಗಾರರಿಗೆಂದು ಕಂಪನಿ ಒಂದು ದೊಡ್ಡ ವಸತಿಗೃಹವನ್ನೂ ಕಟ್ಟಲಾರಂಭಿಸಿತು. ಹಣದ ಮುಗ್ಗಟ್ಟಿನಿಂದ ಕೆಲಸ ಕುಂಟುತ್ತ ಸಾಗಿ 1850ರ ದಶಕದಲ್ಲಿ ಮುಗಿಯಿತು. ಜನ ಅದಕ್ಕೆ ಕೊಟ್ಟ ಹೆಸರು 'ಬ್ಯಾರಕ್ಸ್'. ಆ ಹೆಸರಿನಲ್ಲಿಯೇ ತೀರ್ಪಿದೆ. ದುಡಿಮೆಯ ಹೊತ್ತು ಮುಗಿದ ಮೇಲೂ ನಿಯಮಗಳಿಗೆ ಒಳಗಾಗಿ ಬದುಕಲು ಅವರು ಒಪ್ಪಲಿಲ್ಲ. 1860ರ ದಶಕದಲ್ಲಿ ಕಬ್ಬಿಣದ ಹಳಿ ತಯಾರಿಕೆಗೆ ಬಂದ ವೇಲ್ಸ್‌ನ ಕುಟುಂಬಗಳು ಕೆಲಕಾಲ ಅಲ್ಲಿದ್ದವು. ಅವೂ ತಮ್ಮದೇ ಬೀದಿಗೆ ಹೊರಟುಹೋದವು.

ಹೀಗೆ ಬೇಡವಾದ ಕಟ್ಟಡ ವೆಸ್ಲಿಯನ್ ಮೆಥಡಿಸ್ಟರ ಕೈಸೇರಿ 1869ರಲ್ಲಿ ಪ್ರಾರ್ಥನಾಮಂದಿರವಾಯಿತು. ಈ ಬದಲಾವಣೆ ಗೋಡೆಗಳಿಗಷ್ಟೇ ಸಂಬಂಧಿಸಿದ್ದಲ್ಲ. ಜಾನ್ ವೆಸ್ಲಿಯ (1703–1791) ಪಂಥದಲ್ಲಿ ಹನ್ನೆರಡರಷ್ಟು ಮಂದಿಯ ಚಿಕ್ಕ ಕೂಟಗಳಿದ್ದವು. ದೀಕ್ಷೆಯಿಲ್ಲದ ಗೃಹಸ್ಥರೂ ಬೋಧಕರಾಗಬಹುದಿತ್ತು. ವಾರವಿಡೀ ಮೇಸ್ತ್ರಿಯ ಮಾತು ಕೇಳುವ ಕಮ್ಮಾರನೊಬ್ಬ ಭಾನುವಾರ ತಾನೇ ಮಾತನಾಡಬಹುದಿತ್ತು, ಲೆಕ್ಕ ಬರೆಯಬಹುದಿತ್ತು, ಸಭೆ ನಡೆಸಬಹುದಿತ್ತು. ಕಂಪನಿ ಒದಗಿಸಿದ ಸೂರು ತಿರಸ್ಕೃತವಾಗಿ, ಅದೇ ಸೂರು ಸ್ವಂತ ಸಭೆಯಾದಾಗ ಸ್ವೀಕೃತವಾದುದರ ಅರ್ಥವನ್ನು ಇಲ್ಲಿ ಹುಡುಕಬೇಕು.

ವೆಸ್ಲಿಯನ್ ಎಂಬ ಹೆಸರು ಕನ್ನಡ ಸಂಶೋಧಕರಿಗೆ ಹೊಸದಲ್ಲ. ಬ್ಯಾರಕ್ಸ್ ಕಟ್ಟಡ ರೂಪುಗೊಂಡ ದಶಕದಲ್ಲಿಯೇ, 1858ರಲ್ಲಿ, ರೀವ್‌ನ ಕನ್ನಡ–ಇಂಗ್ಲಿಷ್ ನಿಘಂಟು ಡೇನಿಯಲ್ ಸ್ಯಾಂಡರ್‌ಸನ್ನನ ಪರಿಷ್ಕರಣದೊಂದಿಗೆ ಬೆಂಗಳೂರಿನ ವೆಸ್ಲಿಯನ್ ಮಿಷನ್ ಅಚ್ಚುಕೂಟದಿಂದ ಹೊರಬಂದಿತು. ಸ್ವಿಂಡನ್ನಿನ ಕಾರ್ಖಾನೆಯಿಂದಲೂ ಭಾರತದತ್ತ ಒಂದು ದಾರಿಯಿದೆ. ಅಲ್ಲಿ ಸುತ್ತಿಗೆ ಯಂತ್ರದ ಬಳಿ ದುಡಿದ ಆಲ್ಫ್ರೆಡ್ ವಿಲಿಯಮ್ಸ್ (1877–1930) ಆ ಬದುಕನ್ನು 1915ರ ಗ್ರಂಥವೊಂದರಲ್ಲಿ ನಿಷ್ಠುರವಾಗಿ ಚಿತ್ರಿಸಿದನು. ಮೊದಲ ಮಹಾಯುದ್ಧದಲ್ಲಿ ಸೈನಿಕನಾಗಿ ಭಾರತಕ್ಕೆ ಬಂದವನು ಮುಂದೆ ಸಂಸ್ಕೃತ ಕಲಿತು ಪಂಚತಂತ್ರದ ಕಥೆಗಳನ್ನು ಇಂಗ್ಲಿಷಿಗೆ ತಂದನು. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯರ ಸಂಧಿವಿಗ್ರಹಿ ದುರ್ಗಸಿಂಹ ಕನ್ನಡಕ್ಕೆ ತಂದ ಕಥಾಪರಂಪರೆಯನ್ನು ಇಪ್ಪತ್ತನೆಯ ಶತಮಾನದಲ್ಲಿ ಒಬ್ಬ ಕಾರ್ಖಾನೆಯ ಕೆಲಸಗಾರ ಕೈಗೆತ್ತಿಕೊಂಡನೆಂಬುದು ತೌಲನಿಕ ಅಧ್ಯಯನಕ್ಕೆ ಅರ್ಹವಾದ ಸಂಗತಿ.

ಮಂದಿರದ ಆಯುಷ್ಯ ಸುಮಾರು ತೊಂಬತ್ತು ವರ್ಷ. 1962ರಲ್ಲಿ ಅದು ರೈಲ್ವೆ ವಸ್ತುಸಂಗ್ರಹಾಲಯವಾಯಿತು. ಪ್ರಾರ್ಥನೆ ನಡೆದ ಸ್ಥಳದಲ್ಲಿ 'ಸಿಟಿ ಆಫ್ ಟ್ರೂರೋ' ಎಂಬ ಉಗಿಯಂತ್ರ ನಿಂತಿತು. 1986ರಲ್ಲಿ ಕಾರ್ಖಾನೆಯೇ ಮುಚ್ಚಿತು. 2000ದಲ್ಲಿ ಆ ಕಾರ್ಖಾನೆಯ ಹಳೆಯ ಕಟ್ಟಡದಲ್ಲಿಯೇ ಹೊಸ ಸಂಗ್ರಹಾಲಯ ತೆರೆಯಿತು. ಬ್ಯಾರಕ್ಸ್ ಮುಂದೆ ಯುವಜನರ ಕೇಂದ್ರವಾಯಿತು.

ಯಂತ್ರವನ್ನು ಉಳಿಸುವುದು ಸುಲಭ. ಅದಕ್ಕೆ ತೂಕವಿದೆ, ಸಂಖ್ಯೆಯಿದೆ, ಹೆಸರಿದೆ. ಸಭೆ ಸೇರಿದವರ ದನಿಗೆ ಇವಾವುವೂ ಇಲ್ಲ. ಆದುದರಿಂದ ಇಂಥ ಮಂದಿರಗಳ ಸದಸ್ಯರ ಪಟ್ಟಿ, ಭಾನುವಾರದ ಶಾಲೆಯ ಹಾಜರಿ, ವಂತಿಗೆಯ ಲೆಕ್ಕ ಮೊದಲಾದ ಸಾಮಾನ್ಯ ಕಾಗದಗಳನ್ನೂ ಶಾಸನಗಳಷ್ಟೇ ಎಚ್ಚರದಿಂದ ಓದಬೇಕಾಗುತ್ತದೆ. ಕಂಪನಿಯ ದಾಖಲೆಗಳಲ್ಲಿ ಕಾರ್ಮಿಕನು ಕೂಲಿಯ ಬಾಬ್ತಾಗಿ ಕಾಣುತ್ತಾನೆ. ಈ ಕಾಗದಗಳಲ್ಲಿ ಅವನು ಬೋಧಕ, ಖಜಾಂಚಿ, ಶಿಕ್ಷಕ.